ಬೇಟೆ ರೈಫಲ್‌ಗೆ ಹೊಸ ಟ್ರಿಗರ್: ಎಷ್ಟು ಹಗುರ ಇದ್ರೆ ಸಾಕು?

ಮೇಜಿನ ಮೇಲಿರೋದು ರೆಮಿಂಗ್ಟನ್ 700. ಮ್ಯಾಗಜೀನ್ ಖಾಲಿ, ಚೇಂಬರ್ ಖಾಲಿ, ತೋಟಾಗಳು ಈ ಕೋಣೆಯಲ್ಲೇ ಇಲ್ಲ. ಆದ್ರೂ ನೋಡಿ, ಬೆರಳು ಹಾಕಿ ಇನ್ನೊಂದ್ಸಲ ಖಾತ್ರಿ ಮಾಡ್ಕೋತೀನಿ. ಇವತ್ತು ಪೂರ್ತಿ ಟ್ರಿಗರ್ ಎಳೆಯೋದೇ ಕೆಲಸ.

ಹೊಸದು ಕೊಳ್ಳೋ ಮುಂಚೆ ಇರೋದು ಹೇಗಿದೆ ಅಂತ ಅಳೀಬೇಕಲ್ವಾ. ಟ್ರಿಗರ್ ಎಳೆಯೋಕೆ ಎಷ್ಟು ಬಲ ಬೇಕು ಅಂತ ತೋರಿಸೋ ಗೇಜ್‌ನ ಕೊಕ್ಕೆನ ಟ್ರಿಗರ್ ಮಧ್ಯಕ್ಕೆ ಸಿಗಿಸಿ ನಿಧಾನಕ್ಕೆ ಎಳೀತಿದ್ದೀನಿ. ಬಿತ್ತು, ಅಂದ್ರೆ ಒಳಗಿನ ಫೈರಿಂಗ್ ಪಿನ್ ಬಿಡುಗಡೆ ಆಯ್ತು. ನಾಲ್ಕೂವರೆ ಪೌಂಡ್, ಅಂದ್ರೆ ಸುಮಾರು ಎರಡು ಕಿಲೋ. ಬೋಲ್ಟ್ ಎತ್ತಿ ಮತ್ತೆ ಕಾಕ್ ಮಾಡಿ ಎಳೆದ್ರೆ ಐದರ ಹತ್ತಿರ. ಸ್ಕೋಪ್ ಸೇರಿ ಈ ರೈಫಲ್ ತೂಗೋದೇ ಮೂರೂವರೆ ಕಿಲೋ. ಅದರ ಅರ್ಧಕ್ಕಿಂತ ಹೆಚ್ಚು ಬಲ ಹಾಕಿ ಒಂದು ಬೆರಳಲ್ಲಿ ಎಳೆದ್ರೆ ಸ್ಕೋಪ್ ಒಳಗೆ ಗುರಿ ಹಿಡಿಯೋ ಗೆರೆಗಳು, ಅಂದ್ರೆ ಕ್ರಾಸ್‌ಹೇರ್, ಅಲ್ಲಾಡದೆ ಇರುತ್ತಾ? ಟ್ರಿಗರ್ ಬದಲಾಯಿಸಿದ್ರೆ ಬ್ಯಾರಲ್ ಏನೂ ಸುಧಾರಿಸಲ್ಲ, ತೋಟಾನೂ ಸುಧಾರಿಸಲ್ಲ. ಗುಂಡು ಹೊರಡೋ ಕ್ಷಣದಲ್ಲಿ ನಮ್ಮ ಕೈ ಮಾಡೋ ಕಿತಾಪತಿ ಕಡಿಮೆ ಆಗುತ್ತೆ, ಅಷ್ಟೇ. ಆದ್ರೆ ಅದು ಸಣ್ಣ ವಿಷಯ ಅಲ್ಲ.

ಇಲ್ಲಿ ಕ್ಲೋಸಪ್‌ನಲ್ಲಿ ಟ್ರಿಗರ್ ನೋಡಿ. ಒತ್ತಡ ಏರ್ತಾ ಹೋದ ಹಾಗೆ ಒಂದಿಷ್ಟು ಜರಗುತ್ತೆ, ನಿಲ್ಲುತ್ತೆ, ಮತ್ತೆ ಜರಗುತ್ತೆ, ಆಮೇಲೆ ಬೀಳುತ್ತೆ. ಈ ಜರಗಾಟಕ್ಕೆ ಕ್ರೀಪ್ ಅಂತಾರೆ. ಒಳಗಡೆ ಸಿಯರ್ ಅನ್ನೋ ಉಕ್ಕಿನ ತುಂಡಿನ ಅಂಚು ಇನ್ನೊಂದು ಅಂಚಿನ ಮೇಲೆ ಉಜ್ಜಿಕೊಂಡು ಜಾರ್ತಿರೋದು ನಮ್ಮ ಬೆರಳಿಗೆ ಗೊತ್ತಾಗ್ತಿದೆ. ಬಿದ್ದ ಮೇಲೂ ಟ್ರಿಗರ್ ಹಿಂದಕ್ಕೆ ಹೋಗುತ್ತಲ್ಲ, ಅದು ಓವರ್‌ಟ್ರಾವೆಲ್. ನನ್ನ ಕೇಳಿದ್ರೆ, ತೂಕಕ್ಕಿಂತ ಕ್ರೀಪೇ ದೊಡ್ಡ ತಲೆನೋವು. ಒಣಕಡ್ಡಿ ಮುರಿದ ಹಾಗೆ ಪಟ್ ಅಂತ ಬೀಳೋ ಮೂರು ಪೌಂಡ್ ಟ್ರಿಗರ್, ಎಳೆದಷ್ಟೂ ಜರಗೋ ಎರಡು ಪೌಂಡ್ ಟ್ರಿಗರ್‌ಗಿಂತ ಬೆರಳಿಗೆ ಹಗುರ ಅನಿಸುತ್ತೆ.

ಗೇಜ್ ವಿಷಯದಲ್ಲಿ ಒಂದು ತಮಾಷೆ ತೋರಿಸ್ತೀನಿ. ಕೊಕ್ಕೆನ ಟ್ರಿಗರ್‌ನ ಕೆಳತುದಿಗೆ ಇಳಿಸಿದ್ರೆ ಅದೇ ಟ್ರಿಗರ್ ಕಡಿಮೆ ತೂಕ ತೋರಿಸುತ್ತೆ, ಮೇಲಕ್ಕೆ ಸರಿಸಿದ್ರೆ ಜಾಸ್ತಿ. ಸನ್ನೆಕೋಲಿನ ಲೆಕ್ಕ. ಚಪ್ಪಟೆ ಟ್ರಿಗರ್ ಹಗುರ ಅಂತ ಹೇಳೋದರ ಹಿಂದೆ ಸ್ವಲ್ಪ ಮಟ್ಟಿಗೆ ಇದೇ ಇದೆ, ಅದರಲ್ಲಿ ಬೆರಳು ಸಲೀಸಾಗಿ ಕೆಳಗೆ ಕೂರುತ್ತೆ. ಬೇಟೆಗೆ ನನಗೆ ಬಾಗಿದ ಟ್ರಿಗರ್ರೇ ಇಷ್ಟ. ನೋಡದೆ ಕೈ ಹಾಕಿದ್ರೂ ಪ್ರತಿ ಸಲ ಬೆರಳು ಒಂದೇ ಜಾಗಕ್ಕೆ ಹೋಗಿ ನಿಲ್ಲುತ್ತೆ.

ಸರಿ, ಎಷ್ಟು ಪೌಂಡ್? ಬೆಂಚ್‌ರೆಸ್ಟ್ ಶೂಟರ್‌ಗಳು ಔನ್ಸ್ ಲೆಕ್ಕದಲ್ಲಿ ಮಾತಾಡ್ತಾರೆ. ಅವರ ರೈಫಲ್ ಮೇಜಿನ ಮೇಲೆ ಮರಳಿನ ಚೀಲದಲ್ಲಿ ಆರಾಮಾಗಿ ಕೂತಿರುತ್ತೆ, ಬೆರಳೂ ಬೆಚ್ಚಗಿರುತ್ತೆ. ಬೇಟೆಗಾರ ಗುಡ್ಡ ಹತ್ತಿ ಏದುಸಿರು ಬಿಡ್ತಿರ್ತಾನೆ, ಚಳಿಗೆ ಬೆರಳು ಮರಗಟ್ಟಿರುತ್ತೆ, ಮೇಲೆ ಕೈಗವಸು ಬೇರೆ. ಆ ಬೆರಳಿಗೆ ಒಂದು ಪೌಂಡ್ ಟ್ರಿಗರ್ ಕೊಟ್ರೆ ಅದು ತಾಗಿದ್ದೇ ತಿಳಿಯಲ್ಲ, ಈಡು ಹೊರಟುಹೋಗಿರುತ್ತೆ. ಎರಡೂವರೆಯಿಂದ ಮೂರೂವರೆ ಪೌಂಡ್, ಅಂದ್ರೆ ಒಂದು ಕಿಲೋಗಿಂತ ಸ್ವಲ್ಪ ಮೇಲಿಂದ ಒಂದೂವರೆ ಕಿಲೋ ಆಚೀಚೆ, ಇದರಲ್ಲೇ ಹುಡುಕಿ ಅಂತ ನನ್ನ ಅಭಿಪ್ರಾಯ.

ನಾನು ಆಯ್ಕೆಗೆ ಇಟ್ಕೊಂಡಿದ್ದು ಎರಡು. ಒಂದು ಟಿಮ್ನಿ, 1946ರಿಂದ ಇರೋ ಅಮೆರಿಕದ ಕಂಪನಿ. ಒಳಗೆ ಉಕ್ಕಿನ ಸಿಯರ್, ಬಿಡಿಭಾಗ ಕಡಿಮೆ, ಕೆಟ್ಟುಹೋಗೋಕೆ ಜಾಸ್ತಿ ಏನೂ ಇಲ್ಲ. ಇನ್ನೊಂದು ಕೆನಡಾದ ಟ್ರಿಗರ್‌ಟೆಕ್. ಇದರಲ್ಲಿ ಟ್ರಿಗರ್‌ಗೂ ಸಿಯರ್‌ಗೂ ನಡುವೆ ಒಂದು ಸಣ್ಣ ರೋಲರ್ ಇದೆ. ಅಂಚು ಅಂಚಿನ ಮೇಲೆ ಉಜ್ಜೋ ಬದಲು ರೋಲರ್ ಉರುಳುತ್ತೆ, ಹಾಗಾಗಿ ಬೆರಳಿಗೆ ಕ್ರೀಪ್ ಗೊತ್ತೇ ಆಗಲ್ಲ. ಜ್ಯೂವೆಲ್ ಅನ್ನೋ ಇನ್ನೊಂದು ಬ್ರಾಂಡ್ ಕೂಡ ಚೆನ್ನಾಗಿದೆ, ಆದ್ರೆ ಅದು ರೇಂಜ್‌ನಲ್ಲಿ ಗುರಿ ಹೊಡೆಯೋರ ಪ್ರೀತಿಯ ಟ್ರಿಗರ್. ಸೂಕ್ಷ್ಮ ಬಿಡಿಭಾಗ ಜಾಸ್ತಿ, ಧೂಳು ಕೆಸರು ಅಂದ್ರೆ ನನಗೆ ಧೈರ್ಯ ಸಾಲಲ್ಲ. ಟೂ ಸ್ಟೇಜ್ ಟ್ರಿಗರ್ ಬಗ್ಗೆ ಕೇಳೋರೂ ಇದ್ದಾರೆ. ಮೊದಲ ಹಂತದಲ್ಲಿ ಸಡಿಲವಾಗಿ ಬಂದು ಗೋಡೆಗೆ ತಾಗಿ ನಿಲ್ಲೋದು ಇಷ್ಟ ಇದ್ರೆ ತಗೊಳ್ಳಿ, ಅದು ರುಚಿಯ ವಿಷಯ.

ರೆಮಿಂಗ್ಟನ್ 700ನಲ್ಲಿ ಒಂದು ಮಾತು ಮರೀಬಾರ್ದು. ಇದರ ಸೇಫ್ಟಿ, ಅಂದ್ರೆ ತಪ್ಪಿ ಗುಂಡು ಹಾರದ ಹಾಗೆ ತಡೆಯೋ ಕೀಲಿ, ಇರೋದು ಟ್ರಿಗರ್ ಜೋಡಣೆಯಲ್ಲೇ. ಟ್ರಿಗರ್ ತೆಗೆದ್ರೆ ಸೇಫ್ಟಿನೂ ಅದರ ಜೊತೆ ಬರುತ್ತೆ, ಹೊಸ ಟ್ರಿಗರ್ ಜೊತೆ ಹೊಸ ಸೇಫ್ಟಿ ಕೂರುತ್ತೆ. ವಿಂಚೆಸ್ಟರ್ 70ಯಲ್ಲಿ ಹಾಗಲ್ಲ, ಅಲ್ಲಿ ಸೇಫ್ಟಿ ಬೋಲ್ಟ್ ಹಿಂಭಾಗದಲ್ಲಿದ್ದು ಫೈರಿಂಗ್ ಪಿನ್ನನ್ನೇ ತಡೆ ಹಿಡಿಯುತ್ತೆ. ಅಂದ್ರೆ 700ಗೆ ಅಗ್ಗದ ಟ್ರಿಗರ್ ಹಾಕೋದು ಅಂದ್ರೆ ಅಗ್ಗದ ಸೇಫ್ಟಿ ಹಾಕಿದ ಹಾಗೇ.

ಟ್ರಿಗರ್ ಒಳಗೆ ಜಾಗ ಎಷ್ಟು ಇಕ್ಕಟ್ಟು ಅನ್ನೋಕೆ ಈ ರೈಫಲ್‌ನ ಚರಿತ್ರೆಯೇ ಸಾಕ್ಷಿ. 2014ರ ಏಪ್ರಿಲ್‌ನಲ್ಲಿ ರೆಮಿಂಗ್ಟನ್ ಎಕ್ಸ್-ಮಾರ್ಕ್ ಪ್ರೋ ಟ್ರಿಗರ್ ಇರೋ ರೈಫಲ್‌ಗಳನ್ನ ವಾಪಸ್ ಕರೆಸಿತು. ಜೋಡಿಸುವಾಗ ಅಂಟು ಹೆಚ್ಚಾಗಿ ಸೇರಿಕೊಂಡಿದ್ರೆ ತಾನಾಗೇ ಗುಂಡು ಹಾರೋ ಸಾಧ್ಯತೆ ಇತ್ತು. ಬರೀ ಅಂಟು! ಅದಕ್ಕೇ ಹೊಂದಿಸಿದ ಸ್ಕ್ರೂ ಅಲ್ಲಾಡದಿರಲಿ ಅಂತ ಲಾಕ್‌ಟೈಟ್ ಅನ್ನೋ ಸ್ಕ್ರೂ ಅಂಟು ಸುರಿಯೋರನ್ನ ನೋಡಿದ್ರೆ ನನಗೆ ಎದೆ ಧಸಕ್ ಅನ್ನುತ್ತೆ. ಎಣ್ಣೆಯೂ ಅಷ್ಟೇ, ಧೂಳು ಹಿಡಿದು ಚಳಿಗೆ ಗಟ್ಟಿಯಾಗುತ್ತೆ.

ಕೊನೆಗೆ ನಾನು ರೋಲರ್ ಇರೋದನ್ನೇ ತಗೊಂಡೆ. ಕೂರಿಸೋದು ಎರಡು ಪಿನ್‌ನ ಕೆಲಸ, ಆದ್ರೆ ಒಂದು ಪಿನ್ನೇ ಬೋಲ್ಟ್ ಹಿಂದಕ್ಕೆ ಜಾರಿ ಹೊರಬರದ ಹಾಗೆ ತಡೆಯೋ ಬೋಲ್ಟ್ ಸ್ಟಾಪನ್ನೂ ಹಿಡಿದಿರುತ್ತೆ, ಅದರ ಪುಟ್ಟ ಸ್ಪ್ರಿಂಗ್ ಮೇಲೆ ಕಣ್ಣಿಟ್ಟಿರಿ. ಕೈ ಪಳಗಿಲ್ಲ ಅಂದ್ರೆ ಗನ್‌ಸ್ಮಿತ್‌ಗೆ ಕೊಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಮೂರು ಪೌಂಡ್‌ಗೆ ಹೊಂದಿಸಿ ಪರೀಕ್ಷೆ ಮಾಡ್ತಿದ್ದೀನಿ, ರೈಫಲ್ ಖಾಲಿ ಇರೋವಾಗ್ಲೇ. ಬೋಲ್ಟ್‌ನ ಜೋರಾಗಿ ಬಡಿದು ಮುಚ್ಚಿದ್ದೀನಿ, ಬೀಳಲಿಲ್ಲ. ಸೇಫ್ಟಿ ಹಾಕಿ ಟ್ರಿಗರ್ ಗಟ್ಟಿಯಾಗಿ ಎಳೆದು ಬಿಟ್ಟು, ಈಗ ಸೇಫ್ಟಿ ತೆಗೀತೀನಿ... ಬೀಳಲಿಲ್ಲ. ರಬ್ಬರ್ ಸುತ್ತಿಗೆಯಿಂದ ಬಟ್‌ಗೆ ಕುಟ್ಟಿದ್ರೂ ಗಟ್ಟಿಯಾಗಿ ನಿಂತಿದೆ. ಇದರಲ್ಲಿ ಒಂದು ಸಲ ತಪ್ಪಿದ್ರೂ ಆ ರೈಫಲ್‌ಗೆ ತೋಟಾ ತುಂಬೋ ಹಾಗಿಲ್ಲ. ಈಗ ದಪ್ಪ ಕೈಗವಸು ಹಾಕ್ಕೊಂಡು ಎಳೀತೀನಿ. ಗಾರ್ಡ್ ಒಳಗೆ ಬೆರಳಿಗೆ ಜಾಗ ಇದೆ, ಒತ್ತಡ ಎಲ್ಲಿ ಶುರುವಾಗುತ್ತೆ ಅಂತ ಬಟ್ಟೆ ಮೇಲಿಂದಾನೂ ತಿಳೀತಿದೆ.

ಸ್ಟಾಕ್ ಬಿಚ್ಚಿ ಮತ್ತೆ ಕೂರಿಸಿದ್ದರಿಂದ ಝೀರೋ, ಅಂದ್ರೆ ಸ್ಕೋಪ್ ಗುರಿಗೂ ಗುಂಡು ಬೀಳೋ ಜಾಗಕ್ಕೂ ಇರೋ ಹೊಂದಾಣಿಕೆ, ಸ್ವಲ್ಪ ಸರಿದಿರಬಹುದು. ಅದನ್ನ ಮುಂದಿನ ವಿಡಿಯೋದಲ್ಲಿ ರೇಂಜ್‌ಗೆ ಹೋಗಿ ನೋಡೋಣ.