ಚಿತ್ರ ನಿಮ್ಮದು, ಕುಗ್ಗಿಸುವ ವಿಧಾನ ಯಾರದು?

ಕೇಳುಗರಿಗೆ ನಮಸ್ಕಾರ. ಮೊಬೈಲಿನಲ್ಲಿರುವ ಯಾವುದಾದರೂ ಚಿತ್ರದ ಹೆಸರನ್ನು ಗಮನಿಸಿದರೆ ಅದರ ಕೊನೆಗೆ ಜೆಪಿಜಿ, ಪಿಎನ್‌ಜಿ ಅಥವಾ ಗಿಫ್ ಎಂಬ ಬಾಲಂಗೋಚಿ ಕಾಣುತ್ತದೆ. ಆ ಚಿತ್ರವನ್ನು ಯಾವ ವಿಧಾನದಿಂದ ಕುಗ್ಗಿಸಿ ಉಳಿಸಲಾಗಿದೆ ಎಂಬುದನ್ನು ಅದು ತಿಳಿಸುತ್ತದೆ. ಈ ವಿಷಯ ಎತ್ತಿದಾಗಲೆಲ್ಲ, "ಫೋಟೊ ತೆಗೆದವನು ನಾನೇ ಅಲ್ಲವೇ, ಇನ್ನಾರ ಅಪ್ಪಣೆ ಬೇಕು?" ಎಂದು ಕೇಳುವವರು ಇದ್ದೇ ಇರುತ್ತಾರೆ. ಚಿತ್ರದ ಮೇಲಿನ ಹಕ್ಕು ಕೃತಿಸ್ವಾಮ್ಯ. ಅದು ನಿಮ್ಮದೇ, ಅದರಲ್ಲಿ ತಕರಾರಿಲ್ಲ. ಆದರೆ ಪೇಟೆಂಟ್ ಇರುವುದು ಚಿತ್ರವನ್ನು ಕುಗ್ಗಿಸುವ ವಿಧಾನದ ಮೇಲೆ. ಚಿತ್ರ ನಿಮ್ಮದು, ವಿಧಾನ ಇನ್ನೊಬ್ಬರದಾಗಿರಬಹುದು. ಇಂದು ನಾನು ಹೇಳಬೇಕಾದದ್ದು ಇಷ್ಟೇ. ದಯವಿಟ್ಟು ಇವೆರಡನ್ನೂ ಒಂದೇ ಎಂದು ಭಾವಿಸಬೇಡಿ.

ಗಿಫ್‌ನ ಕಥೆಯನ್ನು ಕೇಳಿದರೆ ಇದು ಮನದಟ್ಟಾಗುತ್ತದೆ. ಅಮೆರಿಕದ ಕಂಪ್ಯುಸರ್ವ್ ಎಂಬ ಸಂಸ್ಥೆ 1987ರಲ್ಲಿ ಗಿಫ್ ಸ್ವರೂಪವನ್ನು ಹೊರತಂದು, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಅದರ ವಿವರಗಳನ್ನು ಪ್ರಕಟಿಸಿತು. ಅದರೊಳಗಿದ್ದ ಸಂಕೋಚನ ವಿಧಾನದ ಹೆಸರು ಎಲ್‌ಜೆಡ್‌ಡಬ್ಲ್ಯು. ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್ ಅವರು 1978ರಲ್ಲಿ ಪ್ರಕಟಿಸಿದ ವಿಧಾನವನ್ನು ಟೆರ್ರಿ ವೆಲ್ಚ್ ಸುಧಾರಿಸಿ, 1984ರಲ್ಲಿ ಲೇಖನವೊಂದರಲ್ಲಿ ವಿವರಿಸಿದ್ದರು. ಅದು ಕೆಲಸ ಮಾಡುವ ರೀತಿ ಬಹಳ ಸೊಗಸಾಗಿದೆ. ಒಂದು ಸಾಲಿನಲ್ಲಿ ನೀಲಿ, ನೀಲಿ, ಬಿಳಿ ಎಂಬ ಚುಕ್ಕಿಗಳ ಸರಣಿ ಬಂದರೆ ಅದನ್ನು ಒಂದು ಪಟ್ಟಿಗೆ ಸೇರಿಸಿ ಅದಕ್ಕೊಂದು ಸಂಖ್ಯೆ ಕೊಡಲಾಗುತ್ತದೆ. ಅದೇ ಸರಣಿ ಮತ್ತೆ ಬಂದಾಗ ಚುಕ್ಕಿಗಳ ಬದಲು ಆ ಸಂಖ್ಯೆಯನ್ನಷ್ಟೇ ಬರೆದರೆ ಸಾಕು. ಪಟ್ಟಿಯನ್ನು ಕಡತದ ಜೊತೆ ಕಳುಹಿಸಬೇಕಾಗಿಯೂ ಇಲ್ಲ, ಏಕೆಂದರೆ ಚಿತ್ರವನ್ನು ತೆರೆಯುವ ತಂತ್ರಾಂಶ ಓದುತ್ತಾ ಹೋದಂತೆ ಅದೇ ಪಟ್ಟಿಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಇದನ್ನು ವಿವರಿಸುವಾಗ ನನಗೆ ಇಂದಿಗೂ ಖುಷಿಯಾಗುತ್ತದೆ.

ಆದರೆ ವೆಲ್ಚ್ ಅವರು ಕೆಲಸ ಮಾಡುತ್ತಿದ್ದ ಸ್ಪೆರಿ ಕಂಪನಿ ಆ ಲೇಖನಕ್ಕೂ ಮೊದಲೇ, 1983ರ ಜೂನ್‌ನಲ್ಲಿ, ಈ ವಿಧಾನದ ಪೇಟೆಂಟಿಗೆ ಅರ್ಜಿ ಹಾಕಿತ್ತು. 1985ರಲ್ಲಿ ಅದು ಮಂಜೂರಾಯಿತು. ಮರುವರ್ಷ ಸ್ಪೆರಿ ಮತ್ತು ಬರೋಸ್ ಕಂಪನಿಗಳು ಸೇರಿ ಯೂನಿಸಿಸ್ ಆದಾಗ ಪೇಟೆಂಟ್ ಅದರ ಕೈಗೆ ಬಂತು. ಕಂಪ್ಯುಸರ್ವ್‌ಗೆ ಇದರ ಅರಿವಿರಲಿಲ್ಲ. 1994ರ ಡಿಸೆಂಬರ್ ಕೊನೆಯಲ್ಲಿ, ಗಿಫ್ ಬಳಸುವ ತಂತ್ರಾಂಶ ತಯಾರಕರು ಪರವಾನಗಿ ಶುಲ್ಕ ಕಟ್ಟಬೇಕೆಂಬ ಪ್ರಕಟಣೆ ಹೊರಬಿದ್ದಾಗ, ಅಷ್ಟು ವರ್ಷ ನಿಶ್ಚಿಂತೆಯಿಂದಿದ್ದ ತಂತ್ರಾಂಶ ಬರಹಗಾರರೆಲ್ಲ ಬೆಚ್ಚಿಬಿದ್ದರು. ಕೆಲವರು ಸಂಕೋಚನವನ್ನೇ ಬಿಟ್ಟು, ದೊಡ್ಡ ಗಾತ್ರದ ಆದರೆ ಎಲ್ಲೆಡೆ ತೆರೆಯಬಲ್ಲ ಗಿಫ್ ಕಡತಗಳನ್ನು ಬರೆಯುವ ಉಪಾಯ ಹುಡುಕಿದರು. ಪ್ರತಿಭಟನೆಯೂ ನಡೆಯಿತು, ಗಿಫ್‌ಗಳನ್ನೆಲ್ಲ ಸುಟ್ಟುಹಾಕಿ ಎಂಬ ಅಭಿಯಾನ 1999ರಲ್ಲಿ ಸುದ್ದಿಯಾಯಿತು. ಗಿಫ್ ಸ್ವರೂಪವನ್ನು ಉಚಿತವಾಗಿ ಕೊಟ್ಟವರು ಒಬ್ಬರು, ಅದರೊಳಗಿನ ವಿಧಾನದ ಒಡೆಯರು ಇನ್ನೊಬ್ಬರು ಎಂಬುದನ್ನು ಗಮನಿಸಿ.

ಸುಡುವುದಕ್ಕಿಂತ ಹೊಸದನ್ನು ಕಟ್ಟುವುದು ಮೇಲು ಎಂದುಕೊಂಡವರು 1995ರ ಜನವರಿಯಲ್ಲೇ ಪಿಎನ್‌ಜಿಯ ಕೆಲಸ ಆರಂಭಿಸಿದ್ದರು. ಅದರ ಮೊದಲ ಕರಡನ್ನು ಮುಂದಿಟ್ಟವರು ಥಾಮಸ್ ಬೌಟೆಲ್. ಎಲ್‌ಜೆಡ್‌ಡಬ್ಲ್ಯು ಬದಲು ಡಿಫ್ಲೇಟ್ ಎಂಬ ಮುಕ್ತ ವಿಧಾನವನ್ನು ಬಳಸಿದ ಈ ಸ್ವರೂಪ 1996ರಲ್ಲಿ, ಜಾಲದ ಮಾನದಂಡಗಳನ್ನು ರೂಪಿಸುವ ವಿಶ್ವವ್ಯಾಪಿ ಜಾಲ ಒಕ್ಕೂಟದ ಶಿಫಾರಸಾಯಿತು. ಗಿಫ್‌ನಲ್ಲಿ ಒಂದು ಚೌಕಟ್ಟಿಗೆ 256 ಬಣ್ಣಗಳ ಮಿತಿಯಿದ್ದರೆ ಪಿಎನ್‌ಜಿಗೆ ಆ ಮಿತಿಯಿಲ್ಲ. ಕಾನೂನಿನ ಕಿರುಕುಳದಿಂದ ಹುಟ್ಟಿದ್ದು ತಾಂತ್ರಿಕವಾಗಿಯೂ ಮೇಲಾಯಿತೆಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಗಿಫ್‌ನ ಕಥೆಯೇ ನನ್ನ ಸಮಯವನ್ನೆಲ್ಲ ನುಂಗಿತು. ಜೆಪಿಇಜಿಯ, ಅಂದರೆ ಜೆಪಿಜಿ ಎಂಬ ಬಾಲಂಗೋಚಿಯ ಸ್ವರೂಪದ, ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಅದರ ಮೇಲೂ 2002ರಲ್ಲಿ ಫೋರ್ಜೆಂಟ್ ನೆಟ್‌ವರ್ಕ್ಸ್ ಎಂಬ ಕಂಪನಿ ತನ್ನ ಬಳಿಯಿದ್ದ ಹಳೆಯ ಪೇಟೆಂಟ್ ತೋರಿಸಿ ಹಕ್ಕು ಮಂಡಿಸಿ, ಸುಮಾರು ಹತ್ತು ಕೋಟಿ ಡಾಲರ್ ಶುಲ್ಕ ವಸೂಲು ಮಾಡಿತು. 2006ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಮರುಪರಿಶೀಲನೆಯಲ್ಲಿ ಅದರ ಮುಖ್ಯ ವಾದಗಳನ್ನು ತಳ್ಳಿಹಾಕಿತು. ಅದೇ ವರ್ಷ ಪೇಟೆಂಟಿನ ಅವಧಿಯೂ ಮುಗಿಯಿತು.

ಐಫೋನುಗಳು 2017ರಿಂದ ಬಳಸುತ್ತಿರುವ ಹೈಕ್ ಸ್ವರೂಪದ್ದೂ ಇದೇ ಕಥೆ. ಅದರೊಳಗಿನ ಎಚ್‌ಇವಿಸಿ ವಿಧಾನದ ಮೇಲೆ ಅನೇಕ ಕಂಪನಿಗಳ ಪೇಟೆಂಟುಗಳಿವೆ. ಕೆಲವು ಕಂಪ್ಯೂಟರುಗಳಲ್ಲಿ ಹೈಕ್ ಫೋಟೊ ತೆರೆಯದೆ, ಎಚ್‌ಇವಿಸಿಗಾಗಿ ಬೇರೆ ತಂತ್ರಾಂಶವನ್ನು ಕೊಳ್ಳಿ ಎಂಬ ಸೂಚನೆ ಬರುತ್ತದಲ್ಲ, ಅದು ನಿಮ್ಮ ಫೋಟೊಗೆ ಕೇಳುತ್ತಿರುವ ಬೆಲೆಯಲ್ಲ, ವಿಧಾನಕ್ಕೆ ಕೇಳುತ್ತಿರುವ ಬೆಲೆ. ಚಿತ್ರ ನಿಮ್ಮದೇ, ವಿಧಾನ ಅವರದು.

ಹಾಗಾದರೆ ಗಿಫ್ ಬಳಸಬಹುದೇ ಎಂದು ಕೇಳುವವರಿಗೆ ಒಂದೇ ಮಾತು. ಯೂನಿಸಿಸ್‌ನ ಪೇಟೆಂಟ್ ಅಮೆರಿಕದಲ್ಲಿ 2003ರ ಜೂನ್‌ನಲ್ಲಿ, ಯುರೋಪ್, ಜಪಾನ್ ಮತ್ತು ಕೆನಡಾಗಳಲ್ಲಿ 2004ರಲ್ಲಿ ಮುಗಿದಿದೆ. ಧಾರಾಳವಾಗಿ ಬಳಸಿ. ನಮಸ್ಕಾರ.