ಐವತ್ತು ಅಡಿಯ ಬೆಂಗಳೂರು

ಕೇಳುಗರಿಗೆ ನಮಸ್ಕಾರ.

ಒಂದು ಯುದ್ಧದ ಸಿನಿಮಾ. ಅಮೆರಿಕದ ಸೈನಿಕರು ಮರಳಿನ ದಿಬ್ಬಕ್ಕೆ ಮೈಯೊತ್ತಿ ಅಂಗಾತ, ಬೋರಲು, ಸಿಕ್ಕಂತೆ ಬಿದ್ದಿದ್ದಾರೆ. ಮುಂದೆ ಸುರುಳಿ ಸುರುಳಿ ಮುಳ್ಳುತಂತಿ, ಹಿಂದೆ ಏರಿ ಬರುತ್ತಿರುವ ಸಮುದ್ರ. ಆ ತಂತಿಯನ್ನು ಸಿಡಿಸಿ ದಾರಿ ಮಾಡಲು ಅವರ ಕೈಯಲ್ಲಿ ಒಂದೊಂದು ತುಂಡು ಉಕ್ಕಿನ ಕೊಳವೆ. ಆ ಕೊಳವೆಯನ್ನು ಅವರು ಕರೆಯುವುದು ನಮ್ಮ ಊರಿನ ಹೆಸರಿನಿಂದ: ಬ್ಯಾಂಗಲೋರ್.

ಚಿತ್ರದ ಹೆಸರು ‘ದಿ ಬಿಗ್ ರೆಡ್ ಒನ್’, ಅಮೆರಿಕದ ಒಂದನೇ ಇನ್‌ಫೆಂಟ್ರಿ ಡಿವಿಷನ್ ಎಂಬ ಕಾಲಾಳು ಪಡೆಯ ಅಡ್ಡಹೆಸರು. ಬಿಡುಗಡೆಯಾದದ್ದು 1980ರಲ್ಲಿ, ನಿರ್ದೇಶಕ ಸ್ಯಾಮ್ಯುಯೆಲ್ ಫುಲ್ಲರ್. ಕಥೆ ಹೇಳುವವನು ಜ್ಯಾಬ್ ಎಂಬ ಸೈನಿಕ. ಸದಾ ಬಾಯಲ್ಲಿ ಚುಟ್ಟಾ, ತಲೆಯಲ್ಲಿ ಮುಂದೆ ಬರೆಯಲಿರುವ ಪುಸ್ತಕ. ಈ ಕೊಳವೆ 50 ಅಡಿ ಉದ್ದ, ಒಳಗೆ 85 ಪೌಂಡ್ ಸಿಡಿಮದ್ದು, ಜೋಡಿಸಬೇಕಾದದ್ದು ಹೋಗ್ತಾ ಹೋಗ್ತಾ, ಬರೀ ಕೈಯಲ್ಲಿ ಎಂದು ಅವನು ವಿವರಿಸುತ್ತಾನೆ. ಇದನ್ನು ಕಂಡುಹಿಡಿದವನು ಯಾರೋ, ಅವನ ಮುಖ ಒಮ್ಮೆ ನೋಡಬೇಕು ಎಂದು ಬೈಗುಳವನ್ನೂ ಸೇರಿಸುತ್ತಾನೆ.

ಕಂಡುಹಿಡಿದವನು ಕ್ಯಾಪ್ಟನ್ ಮೆಕ್ಲಿಂಟಾಕ್. ಬ್ರಿಟಿಷ್ ಭಾರತದ ಸೇನೆಯಲ್ಲಿ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಯಲ್ಲಿದ್ದ ಎಂಜಿನಿಯರ್ ಅಧಿಕಾರಿ. ವರ್ಷ 1912. ಹಲಸೂರು ಕೆರೆಯ ಬಳಿ ಇಂದು ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂದು, ಎಂಇಜಿ ಎಂದು ನಾವು ಕಾಣುವುದು ಆ ಪಡೆಯನ್ನೇ. ಬೋವರ್ ಯುದ್ಧ ಮತ್ತು ರಷ್ಯಾ–ಜಪಾನ್ ಯುದ್ಧ ಮುಗಿದ ಕಾಲ ಅದು. ತಂತಿಬೇಲಿಯ ಮುಂದೆ ಕಾಲಾಳುಗಳು ಸಾಲುಸಾಲಾಗಿ ಬೀಳುವುದನ್ನು ಲೋಕ ಆಗಲೇ ಕಂಡಿತ್ತು. ಕತ್ತರಿ ಹಿಡಿದು ಹೋದವನು ಎದ್ದು ನಿಲ್ಲಬೇಕು, ಇಲ್ಲವೇ ಮಂಡಿಯೂರಬೇಕು. ಕೊಳವೆಯಾದರೆ ಮಲಗಿಕೊಂಡೇ ತಳ್ಳಬಹುದು. 2014ರ ನವೆಂಬರ್ 1ರಿಂದ ಊರು ಅಧಿಕೃತವಾಗಿ ಬೆಂಗಳೂರಾಯಿತು, ಆದರೆ ಹೊರದೇಶಗಳ ಸೈನ್ಯದಲ್ಲಿ ಈ ಕೊಳವೆ ಇನ್ನೂ ಬ್ಯಾಂಗಲೋರೇ.

ಚಿತ್ರ ಒಂದು ತುಕಡಿಯ ಕಥೆ. ತುಕಡಿ ಎಂದರೆ ಎಷ್ಟು ಜನ? ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಒಂದು ರೈಫಲ್ ಸ್ಕ್ವಾಡ್‌ಗೆ 12 ಮಂದಿ. ಮೇಲೊಬ್ಬ ಸಾರ್ಜೆಂಟ್, ಅವನಿಗೊಬ್ಬ ಸಹಾಯಕ, ಮುಂದೆ ನೋಡಿಕೊಂಡು ಹೋಗುವ ಸ್ಕೌಟುಗಳು ಇಬ್ಬರು, 20 ಗುಂಡಿನ ಮ್ಯಾಗಜಿನ್ ಹಾಕುವ ಬಿಎಆರ್ ಎಂಬ ಭಾರದ ಬಂದೂಕಿಗೆ ಮೂವರು, ಉಳಿದ ಐವರು 8 ಗುಂಡಿನ ಗರಾಂಡ್ ರೈಫಲ್ ಹಿಡಿದವರು. ನಮ್ಮ ಸೇನೆಯ ಲೆಕ್ಕದಲ್ಲಿ ಇದು 10 ಜನರ ಸೆಕ್ಷನ್‌ಗೆ ಸಮ, ಸಾರ್ಜೆಂಟ್ ಅಂದರೆ ನಮ್ಮ ಹವಾಲ್ದಾರ. ಮನೆಯಲ್ಲಿ ಫೌಜಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಡುಗರ ಊಟ, ಕಾಲುಚೀಲ, ರಾತ್ರಿಯ ಪಾಳಿ ಎಲ್ಲವನ್ನೂ ನೋಡಿಕೊಳ್ಳುವವನು, ನಕ್ಷೆಯ ಮೇಲಿನ ಬಾಣದ ಗುರುತನ್ನು ಕಾಲ್ನಡಿಗೆಯಾಗಿ ಮಾಡುವವನು ಅವನೇ.

ಈ ಚಿತ್ರದ ಸಾರ್ಜೆಂಟ್‌ಗೆ ಹೆಸರೇ ಇಲ್ಲ. ಮೊದಲ ಮಹಾಯುದ್ಧದಲ್ಲೂ ಕಾದಿ ಬಂದವನು. ಪಾತ್ರ ಮಾಡಿದವನು ಲೀ ಮಾರ್ವಿನ್. ಪೆಸಿಫಿಕ್ ರಣರಂಗದಲ್ಲಿ ಮರೀನ್ ಸೈನಿಕನಾಗಿದ್ದು, 1944ರಲ್ಲಿ ಸೈಪಾನ್ ದ್ವೀಪದಲ್ಲಿ ಗಾಯಗೊಂಡು, ಒಂದು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿ ಕಳೆದವನು. ಅವನು ರೈಫಲ್ ಹಿಡಿಯುವ ರೀತಿ ನೋಡಿ. ತೋರಿಸುವುದಕ್ಕೆ ಹಿಡಿದದ್ದಲ್ಲ, ಹೊಲಕ್ಕೆ ಹೊರಟವನ ಕೈಯಲ್ಲಿ ಗುದ್ದಲಿ ಇದ್ದ ಹಾಗೆ. ಫುಲ್ಲರ್ ಕೂಡ ಇದೇ ಒಂದನೇ ಇನ್‌ಫೆಂಟ್ರಿ ಡಿವಿಷನ್ನಿನ 16ನೇ ರೆಜಿಮೆಂಟಿನ ಕಾಲಾಳು. ಉತ್ತರ ಆಫ್ರಿಕ, ಸಿಸಿಲಿ, ನಾರ್ಮಂಡಿ, ಕೊನೆಗೆ ಚೆಕೊಸ್ಲೊವಾಕಿಯದ ಫಾಲ್ಕೆನಾವ್‌ನ ನಾಜಿ ಸೆರೆಶಿಬಿರ: ಚಿತ್ರ ಹೋಗುವ ದಾರಿಯೆಲ್ಲ ಅವನು ನಡೆದ ದಾರಿ.

ಹಾಗಾಗಿಯೇ ಚಿತ್ರಕ್ಕೆ ಕೆಲಸದ ಮೇಲೆ ಕಣ್ಣು. ಶೌರ್ಯ ತೋರಿಸುವ ಚಿತ್ರಗಳು ನೂರಿವೆ. ಇದು ಕಾಲಾಳಿನ ಕಸುಬು ತೋರಿಸುತ್ತದೆ. ದೋಣಿಯಿಂದ ಇಳಿಯುವ ಮುನ್ನ ರೈಫಲ್ಲಿನ ನಳಿಗೆಯ ಬಾಯಿಗೆ ಕಾಂಡೋಮ್ ಏರಿಸುತ್ತಾರೆ. ನೋಡುಗರು ಅಲ್ಲಿ ನಗುವುದುಂಟು, ಆದರೆ ಅದು ಗಟ್ಟಿ ಉಪಾಯ. ನಳಿಗೆಯೊಳಗೆ ಒದ್ದೆ ಮರಳು ಕೂತಾಗ ಗುಂಡು ಹಾರಿಸಿದರೆ ನಳಿಗೆ ಉಬ್ಬಬಹುದು, ಸೀಳಬಹುದು. ರಬ್ಬರನ್ನು ಕಿತ್ತು ಹಾಕುವ ಹೊತ್ತು ದಡದಲ್ಲಿ ಸಿಗುವುದಿಲ್ಲ, ಕೀಳಬೇಕಾಗಿಯೂ ಇಲ್ಲ, ಗುಂಡು ಅದನ್ನು ಹರಿದುಕೊಂಡೇ ಹೋಗುತ್ತದೆ. ಟ್ಯುನೀಸಿಯಾದ ಕಸ್ಸೆರೀನ್ ಭಾಗದಲ್ಲಿ ಗುಂಡಿ ತೋಡಿ ಅಡಗಿದವರ ತಲೆಯ ಮೇಲೆಯೇ ಜರ್ಮನ್ ಟ್ಯಾಂಕುಗಳು ಹಾದುಹೋಗುತ್ತವೆ. ಕುಕ್ಕರಗಾಲಲ್ಲಿ ಕೂತವನ ತಲೆಗೂ ನೆಲಮಟ್ಟಕ್ಕೂ ನಡುವೆ ಎರಡಡಿ ಬಿಡಬೇಕು ಎಂಬುದು ಅಂದಿನ ಅಮೆರಿಕನ್ ಸೇನೆಯ ನಿಯಮ. ಗಟ್ಟಿ ಮಣ್ಣಿನಲ್ಲಿ ಅಷ್ಟಾದರೆ ಬದುಕಬಹುದು. ಸಡಿಲ ಮರಳಾದರೆ ಟ್ಯಾಂಕಿನ ಭಾರಕ್ಕೆ ಪಕ್ಕ ಕುಸಿದು ಗುಂಡಿಯೇ ಗೋರಿಯಾಗುತ್ತದೆ.

ಈಗ ಬೆಂಗಳೂರಿಗೆ ಬರೋಣ. ಈ ಚಿತ್ರದ ಜೀವ ಇರುವುದು ಆ ಕೆಲವು ನಿಮಿಷಗಳಲ್ಲಿ ಎಂದು ನನ್ನ ನಂಬಿಕೆ.

1944ರ ಜೂನ್ 6, ನಾರ್ಮಂಡಿಯ ಒಮಾಹ ಕಡಲತೀರ. ಮೊದಲ ಅಲೆಯ ದೋಣಿಗಳು ದಡ ಮುಟ್ಟುವ ಹೊತ್ತು ಬೆಳಗಿನ 6 ಗಂಟೆ 30 ನಿಮಿಷ. ಸಮುದ್ರ ಇಳಿದಿದ್ದ ಗಳಿಗೆ ನೋಡಿ ಇಳಿಸಿದ್ದರು, ನೀರಲ್ಲಿ ನೆಟ್ಟ ಅಡೆತಡೆಗಳು ಕಣ್ಣಿಗೆ ಕಾಣಲೆಂದು. ಅದಕ್ಕೆ ತೆತ್ತ ಬೆಲೆ ನೂರಾರು ಗಜದ ಬಯಲು ಮರಳು. ಅದನ್ನು ದಾಟಿ ಬದುಕಿದವರು ದಿಬ್ಬದ ಮರೆ ಸೇರಿದರು. ಮುಂದೆ ತಂತಿ, ತಂತಿಯಾಚೆ ನೆಲಬಾಂಬು, ಅದರಾಚೆ ಏರು, ಏರಿನ ಮೇಲೆ ಮಷಿನ್‌ಗನ್. ಹಿಂದಿನಿಂದ ಉಬ್ಬರ ಏರುತ್ತಿದೆ. ಕೂತಲ್ಲೇ ಕೂರುವಂತಿಲ್ಲ.

ಕೊಳವೆಯ ಒಂದು ತುಂಡು 5 ಅಡಿ ಉದ್ದ. ದಪ್ಪ ಎರಡಂಗುಲಕ್ಕೆ ಕೊಂಚ ಹೆಚ್ಚು, ತೂಕ ಸುಮಾರು 6 ಕಿಲೋ. 10 ತುಂಡು ಸೇರಿದರೆ ಒಂದು ಸೆಟ್, ಜ್ಯಾಬ್ ಹೇಳುವ 50 ಅಡಿ. ತುಂಡಿಗೂ ತುಂಡಿಗೂ ನಡುವೆ ಒಂದು ತೋಳು, ಅಂದರೆ ಜಾಯಿಂಟ್. ಎಲ್ಲಕ್ಕಿಂತ ಮುಂದಿನ ತುಂಡಿಗೆ ಮೊಂಡಾದ ಗುಂಡು ಮೂತಿ. ಬೋರ್‌ವೆಲ್‌ಗೆ ಕೇಸಿಂಗ್ ಪೈಪ್ ಇಳಿಸುವುದನ್ನು ನೀವು ನೋಡಿರುತ್ತೀರಿ. ಒಂದು ಇಳಿಯಿತು ಅನ್ನುವಾಗ ಮೇಲಿನಿಂದ ಇನ್ನೊಂದು ಕೂಡಿಸುತ್ತಾರೆ. ಇದೂ ಹಾಗೆಯೇ, ನೆಲದ ಮೇಲೆ ಅಡ್ಡಡ್ಡ. ಮೂತಿಯ ತುಂಡನ್ನು ತಂತಿಯ ಕೆಳಗೆ ನೂಕು, ಹಿಂದಕ್ಕೆ ಎರಡನೆಯದನ್ನು ಸೇರಿಸು, ಮತ್ತೆ ನೂಕು. ಕೊನೆಯ ತುಂಡಿಗೆ ಬತ್ತಿ. ಸಿಡಿದಾಗ ಉದ್ದಕ್ಕೂ ತಂತಿ ಹರಿದು ಮೂರು ಮೀಟರ್ ಆಸುಪಾಸಿನ ದಾರಿ ಬಿಡುತ್ತದೆ. ನೆಲಬಾಂಬಿನ ಮೇಲಾದರೆ ಕಾಲುದಾರಿಯಷ್ಟೇ.

ಕಾಗದದ ಮೇಲೆ ಸುಲಭ. ಎಡವುವುದು ಎಲ್ಲೆಲ್ಲಿ? ಮೂತಿ ಮೊಂಡಾಗಿಲ್ಲದಿದ್ದರೆ ಮರಳಿಗೆ ಕಚ್ಚಿಕೊಳ್ಳುತ್ತದೆ, ಇಲ್ಲವೇ ತಂತಿಗೆ ಸಿಕ್ಕಿಕೊಳ್ಳುತ್ತದೆ. ಜಾಯಿಂಟಿನೊಳಗೆ ಮರಳು ಹೊಕ್ಕರೆ ತುಂಡು ಪೂರ್ತಿ ಕೂರುವುದಿಲ್ಲ. ಕೊಳವೆ ಉದ್ದವಾದಷ್ಟೂ ನೂಕುವುದು ಕಷ್ಟ, ಮಲಗಿದವನಿಗೆ ಕಾಲೂರಲು ಆಸರೆ ಇಲ್ಲ, ಬಲ ಬರಬೇಕಾದದ್ದು ಮೊಣಕೈಯಿಂದ. ಎಲ್ಲಕ್ಕಿಂತ ಮುಖ್ಯ, ಒಬ್ಬನೇ ಹತ್ತು ತುಂಡು ಹೊರಲಾರ. ಒಂದೊಂದು ತುಂಡಿಗೂ ಒಬ್ಬ ಮನುಷ್ಯ ಬಯಲಿಗೆ ಹೋಗಬೇಕು.

ಸಾರ್ಜೆಂಟ್ ತನ್ನ ಹುಡುಗರಿಗೆ ನಂಬರ್ ಕೊಟ್ಟಿದ್ದಾನೆ. ಒಂದು ಎನ್ನುತ್ತಾನೆ, ಒಂದನೆಯವನು ಓಡುತ್ತಾನೆ, ತೆವಳುತ್ತಾನೆ, ಕೊಳವೆ ಸೇರಿಸುತ್ತಾನೆ, ಗುಂಡು ತಗಲಿ ಅಲ್ಲೇ ಉಳಿಯುತ್ತಾನೆ. ಎರಡು ಎನ್ನುತ್ತಾನೆ. ದನಿ ಏರುವುದಿಲ್ಲ. ಸಂತೆಯಲ್ಲಿ ಮೂಟೆ ಎಣಿಸುವವನ ದನಿ. ಭಾಷಣವಿಲ್ಲ, ದೇಶದ ಮಾತಿಲ್ಲ. ತನ್ನ ನಂಬರ್‌ಗೆ ಇನ್ನೆಷ್ಟು ಬಾಕಿ ಎಂದು ಪ್ರತಿಯೊಬ್ಬನೂ ಒಳಗೇ ಲೆಕ್ಕ ಹಾಕುತ್ತಿದ್ದಾನೆ. ಗ್ರಿಫ್‌ನ ಸರದಿ ಬರುತ್ತದೆ. ಅವನು ಒಳ್ಳೆಯ ಗುರಿಕಾರ, ಆದರೆ ಎದುರಿಗಿರುವವನ ಮುಖ ಕಂಡರೆ ಬೆರಳು ಬಗ್ಗದವನು. ಅರ್ಧ ದಾರಿಯಲ್ಲಿ ಮರಗಟ್ಟಿ ಬಿದ್ದುಕೊಳ್ಳುತ್ತಾನೆ. ಆಗ ಸಾರ್ಜೆಂಟ್ ರೈಫಲ್ ಎತ್ತಿ ಗ್ರಿಫ್‌ನ ಪಕ್ಕದ ಮರಳಿಗೇ ಗುಂಡು ಹೊಡೆಯುತ್ತಾನೆ. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಆ ನೋಟದಲ್ಲಿ ಕೋಪವಿಲ್ಲ. ಗ್ರಿಫ್ ಹೊರಡುತ್ತಾನೆ.

ಕ್ರೌರ್ಯ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: ಅವನು ಅಲ್ಲೇ ಬಿದ್ದಿದ್ದರೆ ಮುಂದಿನ ನಂಬರ್ ಹೋಗಬೇಕು, ಸತ್ತವರು ಹೊತ್ತುಹೋದ ತುಂಡುಗಳೆಲ್ಲ ವ್ಯರ್ಥ, ದಿಬ್ಬದ ಹಿಂದಿನವರನ್ನು ಉಬ್ಬರ ನುಂಗುತ್ತದೆ. ಗ್ರಿಫ್‌ನನ್ನು ಉಳಿಸುವುದೂ ಕಳಿಸುವುದೂ ಸಾರ್ಜೆಂಟ್‌ಗೆ ಒಂದೇ ಕೆಲಸ.

ಹೊತ್ತು ಸರಿಯುವುದನ್ನು ಫುಲ್ಲರ್ ತೋರಿಸುವ ಬಗೆ ಮರೆಯಲಾರದ್ದು. ನೀರಂಚಿನಲ್ಲಿ ಸತ್ತವನ ತೋಳು, ಅದರಲ್ಲಿ ಕೈಗಡಿಯಾರ. ಮುಳ್ಳು ಓಡುತ್ತಲೇ ಇದೆ. ಮತ್ತೆ ಮತ್ತೆ ಅದನ್ನೇ ತೋರಿಸುತ್ತಾನೆ, ಪ್ರತಿ ಸಲವೂ ನೀರು ಇನ್ನಷ್ಟು ಕೆಂಪು. ಹಣವಿದ್ದವರು ಸಾವಿರ ಜನರನ್ನು ನಿಲ್ಲಿಸಿ ತೋರಿಸುವುದನ್ನು ಇವನು ಒಂದು ಗಡಿಯಾರದಲ್ಲಿ ತೋರಿಸಿದ. ತಂತಿಯಲ್ಲಿ ದಾರಿಯಾಯಿತು ಎಂಬ ಸುದ್ದಿಯನ್ನು ರೆಜಿಮೆಂಟಿನ ಮುಖ್ಯಸ್ಥ ಕರ್ನಲ್ ಟೇಲರ್‌ಗೆ ಮುಟ್ಟಿಸಲು ಅಂದು ಆ ತೀರದಲ್ಲಿ ಓಡಿದವನು ಸ್ವತಃ ಫುಲ್ಲರ್. ಅದಕ್ಕೆ ಅವನಿಗೆ ಸಿಲ್ವರ್ ಸ್ಟಾರ್ ಪದಕ ಬಂತು.

ಕೊರತೆಗಳೂ ಇವೆ, ಹೇಳಬೇಕು. ಬಹುಪಾಲು ಚಿತ್ರೀಕರಣ ಇಸ್ರೇಲ್‌ನಲ್ಲಿ. ಅಲ್ಲಿ ಸಿಕ್ಕ ಅಮೆರಿಕನ್ ಶೆರ್ಮನ್ ಟ್ಯಾಂಕುಗಳೇ ಜರ್ಮನ್ ಗುರುತು ಬಳಿದುಕೊಂಡು ಓಡಾಡುತ್ತವೆ. ಟ್ಯಾಂಕು ಬಲ್ಲವರ ಕಣ್ಣಿಗೆ ಚುಚ್ಚುತ್ತದೆ. ಹೊಸದಾಗಿ ಬಂದ ಹುಡುಗರು ಬಂದಷ್ಟೇ ಬೇಗ ಸಾಯುತ್ತಾರೆ, ಜ್ಯಾಬ್, ಗ್ರಿಫ್ ಸೇರಿ ಹಳೆಯ ನಾಲ್ವರಿಗೆ ಏನೂ ಆಗುವುದಿಲ್ಲ. ಇದು ಕಥೆಗಾರನ ಅನುಕೂಲ ಎಂದು ಟೀಕಿಸಬಹುದು. ಆದರೆ ಆ ನಾಲ್ವರು ಹೊಸಬರ ಹೆಸರು ಕೇಳುವುದನ್ನೇ ಬಿಟ್ಟುಬಿಡುತ್ತಾರಲ್ಲ, ಅದು ನಿಜ. ಹೆಸರು ಗೊತ್ತಾದರೆ ನಾಳೆ ಅಳಬೇಕಾಗುತ್ತದೆ.

ನೋಡುವುದಾದರೆ ಯಾವ ಪ್ರತಿ ಎಂಬುದನ್ನು ಗಮನಿಸಿ. 1980ರಲ್ಲಿ ನಿರ್ಮಾಪಕರು 113 ನಿಮಿಷಕ್ಕೆ ಕತ್ತರಿಸಿ ಬಿಟ್ಟರು. ಫುಲ್ಲರ್ 1997ರಲ್ಲಿ ತೀರಿಕೊಂಡ. 2004ರಲ್ಲಿ ವಿಮರ್ಶಕ ರಿಚರ್ಡ್ ಶಿಕೆಲ್ ಉಗ್ರಾಣದಲ್ಲಿದ್ದ ರೀಲುಗಳನ್ನು ಹುಡುಕಿಸಿ ಸುಮಾರು 47 ನಿಮಿಷದ ಭಾಗ ಮರಳಿ ಸೇರಿಸಿದರು. ಆ ಉದ್ದದ ಪ್ರತಿಯನ್ನೇ ನೋಡಿ. ತುಕಡಿ ನಡೆದು ನಡೆದು ಸವೆಯುವುದು ಅದರಲ್ಲಿ ಮಾತ್ರ ತಿಳಿಯುತ್ತದೆ.

ಚಿತ್ರ ಶುರುವಾಗುವುದು 1918ರ ನವೆಂಬರ್‌ನಲ್ಲಿ, ಕಪ್ಪು ಬಿಳುಪಿನಲ್ಲಿ. ಇನ್ನೂ ಯೌವನದ ಸಾರ್ಜೆಂಟ್, ಕೈಯೆತ್ತಿ ಬಂದ ಜರ್ಮನ್ ಒಬ್ಬನನ್ನು ಇರಿದು ಕೊಲ್ಲುತ್ತಾನೆ. ಬಿಡಾರಕ್ಕೆ ಬಂದ ಮೇಲೆ ಗೊತ್ತಾಗುತ್ತದೆ, ಯುದ್ಧ ನಾಲ್ಕು ಗಂಟೆ ಮುಂಚೆಯೇ ಮುಗಿದಿತ್ತು. 1945ರ ಮೇ ತಿಂಗಳಲ್ಲಿ ಫಾಲ್ಕೆನಾವ್‌ನ ಶಿಬಿರದಿಂದ ಬಿಡಿಸಿದ ಒಂದು ಮಗುವನ್ನು ಅವನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಾನೆ. ಮಗು ಹೆಗಲ ಮೇಲೆಯೇ ಸಾಯುತ್ತದೆ. ಅವನು ಇಳಿಸುವುದಿಲ್ಲ, ನಡೆಯುತ್ತಲೇ ಇರುತ್ತಾನೆ. ಆ ರಾತ್ರಿ ಮಗುವನ್ನು ಮಣ್ಣು ಮಾಡುತ್ತಿರುವಾಗ ಕತ್ತಲಲ್ಲಿ ಒಬ್ಬ ಜರ್ಮನ್ ಶರಣಾಗಲು ಬರುತ್ತಾನೆ. ಚಾಕು ಮತ್ತೆ ಹೊರಬರುತ್ತದೆ. ಹುಡುಗರು ಓಡಿ ಬಂದು ಹೇಳುತ್ತಾರೆ: ಯುದ್ಧ ಮುಗಿದು ನಾಲ್ಕು ಗಂಟೆಯಾಯಿತು. ಬಿದ್ದವನಲ್ಲಿ ಇನ್ನೂ ಉಸಿರಿದೆ ಎಂದು ಕಂಡದ್ದು ಗ್ರಿಫ್‌ಗೆ. ಸಾರ್ಜೆಂಟ್ ಮಂಡಿಯೂರಿ, ತಾನೇ ಇರಿದ ಗಾಯಕ್ಕೆ ಬಟ್ಟೆ ಒತ್ತಿ ಹಿಡಿಯುತ್ತಾನೆ, ಬದುಕೋ, ಬದುಕೋ ಎಂದು ಗದರುತ್ತಾನೆ.

ನಮಸ್ಕಾರ.