ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಕೈಕೊಡ್ತಿದ್ಯಾ? ತಪ್ಪು ಕಾರ್ಡಿನದೋ, ಕಂಪ್ಯೂಟರಿನದೋ ಮೊದಲು ನೋಡಿ

[ದೃಶ್ಯ: ಮುಚ್ಚಳ ತೆಗೆದ ಹಳೇ ಆಫೀಸ್ ಕಂಪ್ಯೂಟರ್, ಪಕ್ಕದಲ್ಲಿ ಎರಡು ಫ್ಯಾನಿನ ಕಾರ್ಡ್]

ನಮಸ್ಕಾರ. ಆಫೀಸುಗಳಿಂದ ಹೊರಬಿದ್ದ ಡೆಲ್ ಆಪ್ಟಿಪ್ಲೆಕ್ಸ್ 7010 ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗುತ್ತೆ. ಅದಕ್ಕೊಂದು ಎಎಂಡಿ ಕಂಪನಿಯ ಹಳೇ ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 580 ಹಾಕಿದ್ರೆ ಕಡಿಮೆ ದುಡ್ಡಲ್ಲಿ ಗೇಮಿಂಗ್ ಪಿಸಿ ಆಯ್ತು ಅನ್ನೋ ಲೆಕ್ಕ ಬಹಳ ಜನರದ್ದು. ಹಾಕಿದ ಮೇಲೆ ಡಿಸ್‌ಪ್ಲೇ ಬರಲ್ಲ, ಬಂದ್ರೂ ಗೇಮ್ ತೆರೆದ ಕೂಡಲೇ ಕಂಪ್ಯೂಟರ್ ಆಫ್, ಇಲ್ಲಾ ಸ್ಕ್ರೀನ್ ತುಂಬಾ ಬಣ್ಣದ ಚುಕ್ಕಿ. ಮಾರಿದವನು ಟೋಪಿ ಹಾಕಿದ ಅಂತ ಜಗಳಕ್ಕೆ ಹೋಗೋ ಮುಂಚೆ ಒಂದಷ್ಟು ಪರೀಕ್ಷೆ ಮಾಡೋಣ. ಒಂದು ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್ ಇದ್ರೆ ಸಾಕು.

ಮೊದಲು ಕೇಬಲ್. ಮಾನಿಟರ್ ವೈರು ಇನ್ನೂ ಮದರ್‌ಬೋರ್ಡಿಗೇ ಚುಚ್ಚಿದ್ಯಾ ನೋಡಿ. ನಗಬೇಡಿ, ಇದು ದಿನಾ ಆಗೋ ತಪ್ಪು. ಮಾನಿಟರ್ ಹಳೇದಾಗಿ ಅದ್ರಲ್ಲಿ ವಿಜಿಎ ಒಂದೇ ಇದ್ರೆ ಇನ್ನೊಂದು ತೊಡಕಿದೆ. ಆರ್‌ಎಕ್ಸ್ 580ರಿಂದ ವಿಜಿಎಗೆ ಬೇಕಾದ ಅನಲಾಗ್ ಸಿಗ್ನಲ್ ಹೊರಗೆ ಬರೋದೇ ಇಲ್ಲ. ಅದರಲ್ಲಿರೋ ಡಿವಿಐ ಕೂಡ ಡಿವಿಐ-ಡಿ, ಚಪ್ಪಟೆ ಪಿನ್ನಿನ ಸುತ್ತ ಇರಬೇಕಾದ ನಾಲ್ಕು ತೂತು ಅದರಲ್ಲಿರಲ್ಲ. ಹಾಗಾಗಿ ಬರೀ ಪಿನ್ ಬದಲಾಯಿಸೋ ಸಾದಾ ಕನ್ವರ್ಟರ್ ನಡೆಯಲ್ಲ. ಒಳಗೆ ಚಿಪ್ ಇರೋ ಎಚ್‌ಡಿಎಂಐ-ವಿಜಿಎ ಅಡಾಪ್ಟರೇ ಬೇಕು.

[ದೃಶ್ಯ: ಮದರ್‌ಬೋರ್ಡಿನ ಎರಡು ಉದ್ದ ಸ್ಲಾಟ್]

7010 ಟವರ್ ಮಾಡೆಲ್ಲಿನಲ್ಲಿ ಉದ್ದ ಸ್ಲಾಟ್ ಎರಡಿದೆ. ನೀಲಿ ಬಣ್ಣದ್ದರಲ್ಲೇ ಹಾಕಿ. ಇನ್ನೊಂದು ನೋಡೋಕೆ ಅಷ್ಟೇ ಉದ್ದ, ಒಳಗೆ ವೈರಿಂಗ್ ನಾಲ್ಕೇ ಲೇನ್, ಅಂದ್ರೆ ಡೇಟಾ ಹರಿಯೋ ದಾರಿ ನಾಲ್ಕೇ. ಕಾರ್ಡಿನ ಚಿನ್ನದ ಬಣ್ಣದ ಪಟ್ಟಿ ಮಂಕಾಗಿದ್ರೆ ಪೆನ್ಸಿಲ್ ರಬ್ಬರಲ್ಲಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಕೂರಿಸಿ.

ಈಗ ನಿಜವಾದ ಖಳನಾಯಕ, ಪವರ್ ಸಪ್ಲೈ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

7010 ಟವರ್ ಜೊತೆ ಬರೋ ಸಪ್ಲೈ 275 ವ್ಯಾಟ್. ಆರ್‌ಎಕ್ಸ್ 580 ಒಂದೇ 185 ವ್ಯಾಟ್ ಎಳೆಯುತ್ತೆ, ಕಂಪನಿಯವರೇ ಓವರ್‌ಕ್ಲಾಕ್ ಮಾಡಿ ಕಳಿಸಿದ ಮಾಡೆಲ್ ಇನ್ನೂ ಜಾಸ್ತಿ. ಎಎಂಡಿ ಹೇಳೋದು 500 ವ್ಯಾಟ್ ಸಪ್ಲೈ ಇರಲಿ ಅಂತ. ಸ್ಲಾಟಿನಿಂದ ಸಿಗೋದು ಹೆಚ್ಚಂದ್ರೆ 75 ವ್ಯಾಟ್, ಮಿಕ್ಕಿದ್ದು 8 ಪಿನ್ ಕೇಬಲ್ಲಿಂದ ಬರಬೇಕು. ಡೆಲ್ ಸಪ್ಲೈನಲ್ಲಿ ಆ ಕೇಬಲ್ಲೇ ಇಲ್ಲ. ಆಗ ಜನ ಏನ್ ಮಾಡ್ತಾರೆ? ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡೋ ಸಾಟಾ ಕನೆಕ್ಟರಿನಿಂದ 8 ಪಿನ್ನಿಗೆ ಬದಲಾಯಿಸೋ ಅಗ್ಗದ ಅಡಾಪ್ಟರ್ ತಂದು ಸಿಕ್ಕಿಸ್ತಾರೆ.

ದಯವಿಟ್ಟು ಬೇಡ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದರ ತಾಕತ್ತು ಒಂದೂವರೆ ಆಂಪ್. ಒಟ್ಟು ನಾಲ್ಕೂವರೆ ಆಂಪ್, ಅಂದ್ರೆ 54 ವ್ಯಾಟ್. 8 ಪಿನ್ ಕೇಬಲ್ 150 ವ್ಯಾಟಿನವರೆಗೆ ಕೊಡೋಕೆ ಇರೋದು. ಹತ್ತಿರ ಹತ್ತಿರ ಮೂರು ಪಟ್ಟು ಭಾರ ಬಿದ್ರೆ ಕನೆಕ್ಟರಿನ ಪ್ಲಾಸ್ಟಿಕ್ ಕರಗುತ್ತೆ, ಕಂಪ್ಯೂಟರ್ ಆಫ್ ಆದ್ರೆ ನಿಮ್ಮ ಪುಣ್ಯ.

ಹೊಸ ಸಪ್ಲೈ ಹಾಕೋದಾದ್ರೆ 7010 ಟವರಿಗೆ ಸಾದಾ 24 ಪಿನ್ ಎಟಿಎಕ್ಸ್ ಸಪ್ಲೈ ಕೂರುತ್ತೆ. ಆಪ್ಟಿಪ್ಲೆಕ್ಸ್ 7020, 9020 ಮಾಡೆಲ್ಲಿನಲ್ಲಿ ಮದರ್‌ಬೋರ್ಡಿನ ಮುಖ್ಯ ಕನೆಕ್ಟರ್ ಡೆಲ್‌ನದೇ 8 ಪಿನ್, ಅದಕ್ಕೆ 24ರಿಂದ 8ಕ್ಕೆ ಬದಲಾಯಿಸೋ ಅಡಾಪ್ಟರ್ ಬೇರೆ ತಗೋಬೇಕು. ಹೊಸ ಸಪ್ಲೈನಲ್ಲಿ ಸಿಪಿಯು ಕೇಬಲ್ ಕೂಡ 8 ಪಿನ್ನಿರುತ್ತೆ, ಎಚ್ಚರ. ಅದನ್ನ ಬಲವಂತವಾಗಿ ಕಾರ್ಡಿಗೆ ಒತ್ತಿದ್ರೆ 12 ವೋಲ್ಟ್ ಇರಬೇಕಾದ ಕಡೆ ಗ್ರೌಂಡ್, ಗ್ರೌಂಡ್ ಇರಬೇಕಾದ ಕಡೆ 12 ವೋಲ್ಟ್.

[ದೃಶ್ಯ: ಮಲ್ಟಿಮೀಟರ್ ಕಡ್ಡಿಗಳು ಮೋಲೆಕ್ಸ್ ಕನೆಕ್ಟರಿನ ಹಳದಿ, ಕಪ್ಪು ವೈರಿನ ಮೇಲೆ]

ಸಪ್ಲೈ ಪರೀಕ್ಷೆ ಸುಲಭ. ಮೀಟರನ್ನ ಡಿಸಿ 20 ವೋಲ್ಟಿಗೆ ತಿರುಗಿಸಿ, ಖಾಲಿ ಇರೋ ಮೋಲೆಕ್ಸ್ (ನಾಲ್ಕು ವೈರಿನ ಹಳೇ ತರಹದ್ದು) ಕನೆಕ್ಟರಿನ ಹಳದಿ ವೈರಿಗೆ ಕೆಂಪು ಕಡ್ಡಿ, ಕಪ್ಪು ವೈರಿಗೆ ಕಪ್ಪು ಕಡ್ಡಿ. ಎರಡು ಕಡ್ಡಿ ಒಂದಕ್ಕೊಂದು ತಾಗದ ಹಾಗೆ ನೋಡ್ಕೊಳ್ಳಿ. ಗೇಮ್ ಓಡ್ತಾ ಇರುವಾಗ 11.4ರಿಂದ 12.6ರ ಒಳಗಿರಬೇಕು. ಸುಮ್ನೆ ಇದ್ದಾಗ 12.1 ತೋರಿಸಿ, ಗೇಮ್ ಶುರುವಾದಾಗ 11.4ಕ್ಕಿಂತ ಕೆಳಗೆ ಜಾರಿದ್ರೆ ಕಾರ್ಡನ್ನ ಬೈಯೋದು ಬಿಡಿ, ಸಪ್ಲೈ ಬದಲಾಯಿಸಿ.

ಸಪ್ಲೈ ಸರಿ ಇದ್ದೂ ಕಾರ್ಡ್ ಹಾಕಿದ್ರೆ ಕಂಪ್ಯೂಟರ್ ಆನೇ ಆಗಲ್ವಾ? ಪ್ಲಗ್ ಕಿತ್ತು ಕಾರ್ಡನ್ನ ಹೊರಗೆ ತೆಗೀರಿ. ಕಾರ್ಡಿನ 8 ಪಿನ್ ಸಾಕೆಟ್ಟಿನಲ್ಲಿ ಕ್ಲಿಪ್ ಕೂರೋ ಬದಿಯ ಸಾಲು ಪೂರ್ತಿ ಗ್ರೌಂಡ್ ಕಡೆಯದ್ದು, ಎದುರು ಸಾಲಿನಲ್ಲಿ ಮೂರು ಪಿನ್ 12 ವೋಲ್ಟ್. ಇವೆರಡರ ನಡುವೆ ಓಮ್ಸ್ ಅಳೀರಿ. ಸೊನ್ನೆಯ ಹತ್ತಿರ ಬಂದು ಅಲ್ಲೇ ನಿಂತ್ರೆ ಒಳಗೆ ಶಾರ್ಟ್ ಆಗಿದೆ, ಕಾರ್ಡ್ ವಾಪಸ್ ಕೊಡಿ.

[ದೃಶ್ಯ: ಡಿವೈಸ್ ಮ್ಯಾನೇಜರ್, ಹಳದಿ ತ್ರಿಕೋನ, ಕೋಡ್ 43]

ಇನ್ನೊಂದು ತರಹದ ರೋಗ ಇದೆ. ಡಿಸ್‌ಪ್ಲೇ ಬರುತ್ತೆ, ವಿಂಡೋಸೂ ತೆರೆಯುತ್ತೆ, ಡ್ರೈವರ್ ಹಾಕಿದ ಮೇಲೆ ಕೋಡ್ 43, ಅಂದ್ರೆ ತೊಂದರೆ ಇದೆ ಅಂತ ವಿಂಡೋಸೇ ಕಾರ್ಡನ್ನ ನಿಲ್ಲಿಸಿದೆ. ಮೊದಲು ಇಂಟರ್ನೆಟ್ ಕಿತ್ತು, ಸೇಫ್ ಮೋಡಿಗೆ ಹೋಗಿ, ಡಿಡಿಯು ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಹಳೇ ಡ್ರೈವರ್ ಪೂರ್ತಿ ಅಳಿಸಿ, ಹೊಸದು ಹಾಕಿ. ಇನ್ನೂ ವಿಂಡೋಸ್ 7ರಲ್ಲೇ ಇದ್ರೆ 2021ರ 21.5.2 ಡ್ರೈವರೇ ಕೊನೆಯದು, ಅದಕ್ಕಿಂತ ಹೊಸದನ್ನ ಹಾಕೋಕೆ ಹೋಗಬೇಡಿ.

ಆಮೇಲೂ 43 ಬಂದ್ರೆ ಕಾರ್ಡ್ ಕ್ರಿಪ್ಟೋಕರೆನ್ಸಿ ಮೈನಿಂಗ್ ಮಾಡಿ ಬಂದಿರೋ ಸಾಧ್ಯತೆ ಜಾಸ್ತಿ. ಮೈನಿಂಗಿನವರು ಮೆಮೊರಿ ಟೈಮಿಂಗ್ ಬದಲಾಯಿಸೋಕೆ ಕಾರ್ಡಿನ ಬಯಾಸನ್ನೇ (ಕಾರ್ಡಿನ ಒಳಗೇ ಕೂತಿರೋ ಸಾಫ್ಟ್‌ವೇರ್) ತಿದ್ದಿರ್ತಾರೆ. ತಿದ್ದಿದ ಬಯಾಸಿನ ಡಿಜಿಟಲ್ ಸಹಿ ಹೊಂದಲ್ಲ, ಹಾಗಾಗಿ ಡ್ರೈವರ್ ಅದನ್ನ ಒಪ್ಪಲ್ಲ. ಬರೀ ಯುಇಎಫ್‌ಐ ಅನ್ನೋ ಹೊಸ ಬೂಟ್ ಮೋಡಲ್ಲಿರೋ ಕಂಪ್ಯೂಟರಿನಲ್ಲಿ ಇದೇ ಕಾರಣಕ್ಕೆ ಡಿಸ್‌ಪ್ಲೇ ಕೂಡ ಬರದೇ ಇರಬಹುದು. ಆಗ ಡೆಲ್ ಕಂಪ್ಯೂಟರಿನ ಬಯಾಸಿನಲ್ಲಿ ಲೆಗಸಿ ಆಪ್ಷನ್ ರೋಮ್ ಅನ್ನೋ ಸೆಟ್ಟಿಂಗ್ ಆನ್ ಮಾಡಿ ನೋಡಿ.

ಕಾರ್ಡಿನ ಅಂಚಲ್ಲಿ ಪುಟ್ಟ ಸ್ವಿಚ್ ಇದ್ಯಾ ಹುಡುಕಿ. ಬಹಳಷ್ಟು ಮಾಡೆಲ್ಲಿನಲ್ಲಿ ಬಯಾಸ್ ಎರಡಿರುತ್ತೆ. ಕಂಪ್ಯೂಟರ್ ಆಫ್ ಮಾಡಿ ಸ್ವಿಚ್ ಆ ಕಡೆ ತಳ್ಳಿ, ಅದೃಷ್ಟ ಇದ್ರೆ ಎರಡನೇದನ್ನ ಯಾರೂ ಮುಟ್ಟಿರಲ್ಲ. ಸ್ವಿಚ್ ಇಲ್ಲದಿದ್ರೆ ಮೂಲ ಬಯಾಸ್ ಹುಡುಕಿ ಫ್ಲ್ಯಾಶ್ ಮಾಡಬೇಕು, ಅಂದ್ರೆ ಕಾರ್ಡಿಗೆ ಮತ್ತೆ ಬರೀಬೇಕು. ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರಲ್ಲಿ ಈಗಿರೋದರ ಬ್ಯಾಕಪ್ ತೆಗೆದಿಟ್ಕೊಳ್ಳಿ. ಕಾರ್ಡ್ ಮಾಡಿದ ಕಂಪನಿ, ಮಾಡೆಲ್ ಜೊತೆಗೆ ಮೆಮೊರಿ ಚಿಪ್ ಸ್ಯಾಮ್‌ಸಂಗಾ, ಹೈನಿಕ್ಸಾ, ಮೈಕ್ರಾನಾ ಅನ್ನೋದೂ ಹೊಂದಬೇಕು.

ಜಿಪಿಯು-ಝಡ್ ತೆರೆದಾಗಲೇ ಶೇಡರ್ಸ್ (ಚಿತ್ರದ ಲೆಕ್ಕ ಹಾಕೋ ಘಟಕಗಳ ಸಂಖ್ಯೆ) ಅನ್ನೋ ಕಡೆ ಕಣ್ಣು ಹಾಯಿಸಿ. 2304 ಇರಬೇಕು. 2048 ಇದ್ರೆ ಅದು ಹೆಸರಿಗೆ 580, ಕೆಲಸದಲ್ಲಿ ಅದಕ್ಕಿಂತ ಕೆಳಗಿನ ಮಾಡೆಲ್ 570. ಕೆಟ್ಟಿಲ್ಲ, ಕೊಟ್ಟ ದುಡ್ಡು ಮಾತ್ರ ಹೆಚ್ಚಾಯ್ತು.

[ದೃಶ್ಯ: ಬಣ್ಣದ ಚೌಕ ತುಂಬಿದ ಸ್ಕ್ರೀನ್]

ಉಳಿದದ್ದು ಚುಕ್ಕಿ, ಗೆರೆ, ಚೌಕ. ಇವು ಯಾವಾಗ ಕಾಣಿಸ್ತವೆ ಅನ್ನೋದೇ ಮುಖ್ಯ. ಗೇಮ್ ಹತ್ತು ನಿಮಿಷ ಓಡಿದ ಮೇಲೆ ಬಂದ್ರೆ ಬಿಸಿ. ಕಾರ್ಡ್ ಬಿಚ್ಚಿ ಧೂಳು ತೆಗೆದು ಥರ್ಮಲ್ ಪೇಸ್ಟ್ ಬದಲಾಯಿಸಿ. ಮೆಮೊರಿ ಮೇಲಿನ ಥರ್ಮಲ್ ಪ್ಯಾಡ್ ಹರಿದಿದ್ರೆ ಹಳೇದರ ದಪ್ಪ ಅಳೆದು ಅಷ್ಟೇ ದಪ್ಪದ್ದನ್ನ ತನ್ನಿ. ದಪ್ಪದ್ದು ಹಾಕಿದ್ರೆ ಹೀಟ್‌ಸಿಂಕ್ ಚಿಪ್ಪಿನಿಂದ ಮೇಲೆದ್ದು ಬಿಸಿ ಇನ್ನೂ ಏರುತ್ತೆ.

ಡೆಲ್ ಲೋಗೋ ಬರುವಾಗಲೇ ಚುಕ್ಕಿ ಇದ್ರೆ ಅದು ಡ್ರೈವರ್ ತಪ್ಪಲ್ಲ, ವಿಂಡೋಸ್ ಇನ್ನೂ ಎದ್ದೇ ಇಲ್ವಲ್ಲ. ಸಾಮಾನ್ಯವಾಗಿ ಮೆಮೊರಿ ಚಿಪ್ ಹೋಗಿರುತ್ತೆ, ಇಲ್ಲಾ ಅದರ ಬೆಸುಗೆ ಬಿಟ್ಟಿರುತ್ತೆ. ವಿಂಡೋಸಿನ ಒಳಗೆ, ಗೇಮಲ್ಲಿ ಮಾತ್ರ ಬರೋದಾದ್ರೆ 8 ಜಿಬಿ ಮಾಡೆಲ್ಲಿನ ಮೆಮೊರಿ ವೇಗವನ್ನ 2000ದಿಂದ 1750 ಮೆಗಾಹರ್ಟ್ಜಿಗೆ ಇಳಿಸಿ, ಓಸಿಸಿಟಿ ಅನ್ನೋ ಸಾಫ್ಟ್‌ವೇರಿನ ವಿರ್‍ಯಾಮ್ ಟೆಸ್ಟ್ (ಕಾರ್ಡಿನ ಮೆಮೊರಿ ಪರೀಕ್ಷೆ) ಅರ್ಧ ಗಂಟೆ ಓಡಿಸಿ. ಎರರ್ ಸೊನ್ನೆ ಬಂದ್ರೆ ಅದೇ ವೇಗದಲ್ಲಿ ಬಳಸಿ. ಒಂದೇ ಒಂದು ಎರರ್ ಬಂದ್ರೂ ಚಿಪ್ ಬದಲಾಯಿಸೋ ಕೆಲಸ, ಅದಕ್ಕೆ ಚಿಪ್ ಕಿತ್ತು ಬೆಸೆಯೋ ಬಿಜಿಎ ಮೆಷಿನ್ ಇರೋ ಅಂಗಡಿ ಬೇಕು. ಅಡುಗೆಮನೆ ಅವನ್ನಿನಲ್ಲಿ ಕಾರ್ಡ್ ಬೇಯಿಸೋ ವಿಡಿಯೋಗಳು ಓಡಾಡ್ತಿವೆ, ಅದು ಸರಿಹೋದ ಹಾಗೆ ಕಂಡು ಕೆಲವೇ ದಿನದಲ್ಲಿ ಮತ್ತೆ ಕೆಡುತ್ತೆ, ಅವನ್ನಿನಲ್ಲಿ ಬೆಸುಗೆಯ ಫ್ಲಕ್ಸ್ ಹೊಗೆ ಉಳಿಯುತ್ತೆ, ನಾಳೆ ಅದರಲ್ಲೇ ಕೇಕ್ ಮಾಡೋರು ನಿಮ್ಮ ಮನೆಯವರೇ.